ಹದಿನಾಲ್ಕು ತಕರಾರಿನ ಮನೆ

ನಾನು ಸರಕಾರಿ ಸೂಲಗಿತ್ತಿಯಾಗಿ ಯಲ್ಲಾಪುರಕ್ಕೆ ಬಂದಾಗ ನಮಗೆ ಸಿಕ್ಕಿದ್ದು ಭತ್ತದ ಗಿರಣಿಯೊಂದರ ಹಿಂಬದಿಯ ಎರಡು ಕೋಣೆ. ನಾವು ಎಂದರೆ ನಾನು ಮತ್ತು ನನ್ನ ಸೋದರತ್ತೆ, ಅಪ್ಪನ ಅಕ್ಕ. ನನ್ನ ಗಂಡ ಮದುವೆಯಾದ ಎರಡನೆಯ ವರ್ಷವೇ ತೀರಿಕೊಂಡಿದ್ದ. ಅತ್ತೆಗೆ ಆ ಗತಿ ಹನ್ನೆರಡನೆಯ ವಯಸ್ಸಿಗೇ ಬಂದಿತ್ತು. ಸಿದ್ದಾಪುರದ ಕಡೆಯ ನಮ್ಮ ಮನೆಯಲ್ಲಿ ಇಬ್ಬರು ವಿಧವೆಯರು ಒಂದೇ ಒಲೆಯ ಮುಂದೆ ಕೂತಿರುವುದಕ್ಕಿಂತ ಒಬ್ಬಳಾದರೂ ಏನಾದರೂ ಕಲಿಯಲಿ ಎಂದು ಅಪ್ಪ ನನ್ನನ್ನು ಹುಬ್ಬಳ್ಳಿಗೆ ಕಳಿಸಿ ಹೆರಿಗೆ ಕೆಲಸದ ತರಬೇತಿ ಕೊಡಿಸಿದ. ಕೆಲಸ ಸಿಕ್ಕ ದಿನ ಅತ್ತೆ ಯಾರನ್ನೂ ಕೇಳದೆ ತನ್ನ ಎರಡು ಸೀರೆ, ಒಂದು ತಾಮ್ರದ ಚೊಂಬು ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು.

ಗಿರಣಿ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿತ್ತು. ಯಾರ ಮನೆಯಲ್ಲಾದರೂ ಹೆರಿಗೆ ನೋವು ಶುರುವಾದರೆ ನನ್ನನ್ನು ಕರೆಯಲು ಬಂದವರು ಆ ಸದ್ದನ್ನು ಮೀರಿಸಿ ಕೂಗಬೇಕಾಗುತ್ತಿತ್ತು. ಯಾರ ಸೊಸೆಗೆ ಎಷ್ಟು ಹೊತ್ತಿಗೆ ನೋವು ಬಂತು, ನೀರು ಹೋಯಿತೋ ಇಲ್ಲವೋ ಎಂಬುದೆಲ್ಲ ಭತ್ತದ ಚೀಲ ಹಿಡಿದು ಸರದಿಯಲ್ಲಿ ನಿಂತ ಅಷ್ಟೂ ಗಂಡಸರಿಗೆ ನನಗಿಂತ ಮೊದಲೇ ಗೊತ್ತಾಗುತ್ತಿತ್ತು. ಕೆಲವರು ಸಲಹೆಯನ್ನೂ ಕೊಡುತ್ತಿದ್ದರು. ಇದು ಊರಿನ ಮರ್ಯಾದೆಗೆ ಸರಿಯಲ್ಲವೆಂದು ನಾಲ್ಕು ಜನ ಅರ್ಜಿ ಬರೆದರು. ನನಗೆ ಮಾಗೋಡಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಸರಕಾರಿ ಮನೆ ಮಂಜೂರಾಯಿತು.

ಮಂಜೂರಾದದ್ದು ನಮ್ಮ ಜಿಲ್ಲೆ ಮುಂಬಯಿಯವರ ಕೈಯಲ್ಲಿದ್ದಾಗ. ಅಡಿಪಾಯ ತೋಡಿದ್ದು ಮೈಸೂರಿಗೆ ಸೇರಿದ ಮೇಲೆ. ಈ ನಡುವೆ ನಕ್ಷೆ ಯಾವ ಕಪಾಟಿನಿಂದ ಯಾವ ಕಪಾಟಿಗೆ ಪ್ರಯಾಣ ಮಾಡಿತೋ, ಅದರ ಮಡಿಕೆಗಳಲ್ಲಿ ಎಷ್ಟು ಗೆರೆಗಳು ಅಳಿಸಿದವೋ ನಾನು ಹೇಳಲಾರೆ. ಕಟ್ಟಡ ಮಾತ್ರ ಎರಡು ವರ್ಷಕ್ಕೆ ಎದ್ದು ನಿಂತಿತು. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚು, ಮುಂದೆ ಮೂರು ಮೆಟ್ಟಿಲು. ರಸ್ತೆಯಲ್ಲಿ ನಿಂತು ನೋಡಿದರೆ ಹೊಸ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ಒಂದು ದಿನ ಕಟ್ಟಡದ ಕಚೇರಿಯಿಂದ ಸಿಪಾಯಿ ಒಂದು ಕಾಗದ ತಂದ. ಅದರಲ್ಲಿ ಹೀಗಿತ್ತು: ಮನೆಯನ್ನು ನಾನು ಒಳಗೂ ಹೊರಗೂ ನೋಡಿದ್ದೇನೆ, ಯಾವ ಕೊರತೆಯೂ ಇಲ್ಲ, ತೃಪ್ತಿಯಿಂದ ನನ್ನ ತಾಬೆಗೆ ತೆಗೆದುಕೊಂಡಿದ್ದೇನೆ. ಕೆಳಗೆ ನನ್ನ ಸಹಿಗೆ ಜಾಗ. ನಾನು ಕಾಗದ ಹಿಡಿದುಕೊಂಡು ಕಚೇರಿಗೆ ಹೋದೆ. ಅಲ್ಲಿಯ ಕಾರಕೂನರು ಹಳೆಯ ಮುಂಬಯಿ ಕಾಲದವರು. ಕರೀ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ಮಾತಾಡುವುದು, ಹೆಂಗಸರನ್ನು ಬಾಯಿ ಎಂದು ಕರೆಯುವುದು ಅವರ ಪದ್ಧತಿ.

"ನಾನು ಇನ್ನೂ ಮನೆ ನೋಡಲಿಲ್ಲ, ಕೀಲಿಕೈ ಕೊಡಿ" ಎಂದೆ.

"ಸಹಿ ಮಾಡಿದ ಮೇಲೆ ಕೀಲಿಕೈ, ಬಾಯಿಯವರೇ."

"ನೋಡದೆ ನೋಡಿದ್ದೇನೆಂದು ಹೇಗೆ ಸಹಿ ಮಾಡಲಿ?"

"ಸಹಿ ಮಾಡಿದರೆ ಮನೆ ನಿಮ್ಮದು. ಆಮೇಲೆ ಬೇಕಾದಷ್ಟು ನೋಡಿ, ಯಾರು ಬೇಡ ಅಂತಾರೆ?"

ಅವರ ಮುಖದಲ್ಲಿ ಕುಹಕವೇನೂ ಇರಲಿಲ್ಲ. ನಿಜವಾಗಿಯೂ ನನಗೆ ಉಪಕಾರ ಮಾಡುವ ದನಿಯಲ್ಲೇ ಹೇಳಿದರು. ಅವರ ಹಿಂದೆ ಗೋಡೆಯ ಮೊಳೆಯಲ್ಲಿ ನನ್ನ ಮನೆಯ ಕೀಲಿಕೈ ತೂಗುತ್ತಿತ್ತು. ಹಾಗಾದರೆ ಗಿರಣಿಯ ಹಿಂದೆಯೇ ಇರುತ್ತೇನೆ ಎಂದು ನಾನು ಎದ್ದೆ. ಕಾರಕೂನರು ಒಳಗೆ ಹೋಗಿ ಓವರ್ಸಿಯರನ್ನು ಕೇಳಿ ಬಂದರು. ಬರುವ ಗುರುವಾರ ಓವರ್ಸಿಯರು ಖುದ್ದಾಗಿ ಬಂದು ಮನೆ ತೋರಿಸುವುದೆಂದು ಠರಾವಾಯಿತು. ಯಾರೋ ಮನೆ ನೋಡಿ ಸಹಿ ಮಾಡುತ್ತಾರಂತೆ ಎಂಬ ಸುದ್ದಿ ಕಚೇರಿಯಲ್ಲಿ ಎರಡು ದಿನ ನಗುವಿಗೆ ವಸ್ತುವಾಯಿತೆಂದು ಸಿಪಾಯಿ ಆಮೇಲೆ ಹೇಳಿದ.

ಗುರುವಾರ ಅತ್ತೆ ತನ್ನ ತಾಮ್ರದ ಚೊಂಬು, ಒಂದು ಕೊಡ, ನಾಲ್ಕು ಕಟ್ಟಿಗೆ, ಬೆಂಕಿಪೆಟ್ಟಿಗೆ ತೆಗೆದುಕೊಂಡು ಹೊರಟಳು. ಇದೆಲ್ಲ ಯಾಕೆ ಎಂದು ಕೇಳಿದೆ.

"ಮನೆ ಅಂದ್ರೆ ನೋಡಿದ್ರೆ ಗೊತ್ತಾಗ್ತಿಲ್ಲೆ ಕೂಸೇ. ಒಲೆ ಹಚ್ಚಿ ನೋಡವು, ನೀರು ಹೊಯ್ದು ನೋಡವು" ಎಂದಳು.

ಓವರ್ಸಿಯರು ಹಳೇ ಮೈಸೂರಿನ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಇಸ್ತ್ರಿ ಮಾಡಿದ ಪ್ಯಾಂಟು, ಬೂಟು, ಕೈಯಲ್ಲಿ ಕೊಡೆ. ಜೊತೆಗೆ ಮನೆ ಕಟ್ಟಿಸಿದ ಗುತ್ತಿಗೆದಾರ ಇದ್ದ. ಹಾನಗಲ್ಲಿನ ಕಡೆಯವನು, ದೊಡ್ಡ ಹೊಟ್ಟೆಯ, ಯಾವ ಮಾತಿಗೂ ಸಿಟ್ಟಾಗದ ಮನುಷ್ಯ. ಅಂಗಳದ ತುದಿಯಲ್ಲಿ ಅಡಕೆ ಸೋಗೆ ಹೊದಿಸಿದ ಒಂದು ಗುಡಿಸಲು. ಅದರಲ್ಲಿ ಮನೆಯ ಗೋಡೆ ಕಟ್ಟಿದ ಗೌಂಡಿ ಮತ್ತು ಅವನ ಹೆಂಡತಿ ಇದ್ದರು. ಮನೆ ಮುಗಿದಿದ್ದರೂ ಕಂಪೌಂಡಿನ ಗೋಡೆ ಬಾಕಿ ಇತ್ತು. ಆಕೆ ತುಂಬಿದ ಬಸುರಿ, ಆದರೂ ತಲೆಯ ಮೇಲೆ ಕಲ್ಲು ಹೊತ್ತು ತಂದು ಗಂಡನಿಗೆ ಕೊಡುತ್ತಿದ್ದಳು. ಇನ್ನು ಕಲ್ಲು ಹೊರಬಾರದೆಂದು ನಾನು ಆ ದಿನವೇ ಅವಳಿಗೆ ಹೇಳಿದೆ. "ಹೂಂನ್ರಿ" ಎಂದು ಇನ್ನೊಂದು ಕಲ್ಲು ತರಲು ಹೋದಳು.

ಒಳಗೆ ಹೋದ ಕೂಡಲೇ ಅತ್ತೆ ನೇರ ಅಡಿಗೆಮನೆಗೆ ನಡೆದಳು. ಚಂದದ ಒಲೆಕಟ್ಟೆ ಇತ್ತು. ಅತ್ತೆ ಕಟ್ಟಿಗೆಯಿಟ್ಟು ಹಚ್ಚಿದಳು. ಹೊಗೆ ಎದ್ದು ಹೆಂಚಿನ ಮಾಡು ಮುಟ್ಟಿ ಹೋಗಲು ದಾರಿ ಕಾಣದೆ ನಮ್ಮ ಮೇಲೇ ಇಳಿಯಿತು.

"ಹೊಗೆ ಎಲ್ಲಿ ಹೋಗವು? ಇಲ್ಲಿ ಗೂಡೇ ಇಲ್ಲೆ" ಎಂದಳು ಅತ್ತೆ.

"ಹೊಗೆಗೂಡು ಇದೆಯಲ್ಲಮ್ಮ" ಎಂದು ಓವರ್ಸಿಯರು ಕಣ್ಣೊರೆಸಿಕೊಳ್ಳುತ್ತ ನಮ್ಮನ್ನು ಮುಂದಿನ ಪಡಸಾಲೆಗೆ ಕರೆದುಕೊಂಡು ಹೋದರು. ಇತ್ತು. ಜನ ಬಂದರೆ ಕೂರಿಸುವ ಪಡಸಾಲೆಯ ನಟ್ಟನಡುವೆ, ಮಾಡಿನಲ್ಲಿ, ಗಟ್ಟಿಮುಟ್ಟಾದ ಹೊಗೆಗೂಡು.

"ಇದು ಇಲ್ಲಿ ಯಾಕೆ ಬಂತು?" ಎಂದೆ.

ಓವರ್ಸಿಯರು ನಕ್ಷೆ ಬಿಚ್ಚಿದರು. ಹೀಗೆ ಹಿಡಿದರು, ಹಾಗೆ ಹಿಡಿದರು, ಕೊನೆಗೆ ಹಿಂದುಮುಂದಾಗಿ ಬೆಳಕಿಗೆ ಹಿಡಿದರು. "ನೋಡಿಮ್ಮ, ನಕ್ಷೇಲಿ ಒಲೆ ಒಂದು, ಹೊಗೆಗೂಡು ಒಂದು. ಎರಡೂ ಕಟ್ಟಿದೆ. ಎರಡೂ ಒಂದೇ ಕೋಣೇಲಿರಬೇಕು ಅಂತ ಇಲ್ಲೆಲ್ಲೂ ಬರೆದಿಲ್ಲ. ಇದು ಬಾಂಬೆಯವರ ನಕ್ಷೆ. ನಮ್ಮ ಮೈಸೂರಾಗಿದ್ದರೆ ಬರೀತಿದ್ವಿ."

ಬಚ್ಚಲುಮನೆಯಲ್ಲಿ ಅತ್ತೆ ಒಂದು ಕೊಡ ನೀರು ಸುರಿದಳು. ನೀರು ಒಂದು ಕ್ಷಣ ಯೋಚನೆ ಮಾಡಿದ ಹಾಗೆ ನಿಂತು, ಹೊರಗಿನ ತೂಬಿಗೆ ಬೆನ್ನು ಹಾಕಿ, ಹೊಸ್ತಿಲು ದಾಟಿ ಅಡಿಗೆಮನೆಗೆ ಹೊರಟಿತು. ಓವರ್ಸಿಯರು ಬೂಟು ಎತ್ತಿ ಪಕ್ಕಕ್ಕೆ ನಿಂತರು.

"ಇಳಿಜಾರು ಹೊರಗಡೆಗೇ ಇದೆ, ನಾನೇ ಅಳತೆ ಪುಸ್ತಕದಲ್ಲಿ ಬರೆದಿದ್ದೇನೆ" ಎಂದರು.

"ನೀವು ಬರೆದಿದ್ದು ಹೌದು ಇರ್ಲಕ್ಕು. ನೀರಿಗೆ ಓದಲೆ ಬತ್ತಿಲ್ಲೆ" ಎಂದಳು ಅತ್ತೆ.

ಮಲಗುವ ಕೋಣೆಯಲ್ಲಿ ತಲೆಯೆತ್ತಿದರೆ ಹೆಂಚಿನ ಸಂದಿಯಲ್ಲಿ ಏಳೆಂಟು ಕಡೆ ಆಕಾಶ. ಗುತ್ತಿಗೆದಾರ ಅದು ಬೆಳಕಿಗೆ ಒಳ್ಳೆಯದೆಂದ. ಹಿಂದಿನ ಕಿಟಕಿಗೆ ಸರಳಿರಲಿಲ್ಲ. ಅದು ಗಾಳಿಗೆ ಒಳ್ಳೆಯದಂತೆ. ಹಿತ್ತಿಲ ಕಕ್ಕಸಿನ ಬಾಗಿಲಿಗೆ ಚಿಲಕ ಒಳಗಡೆ ಇರಲಿಲ್ಲ, ಹೊರಗಡೆ ಇತ್ತು. ನಾನು ಅದನ್ನು ತೋರಿಸಿದೆ.

"ಹೊರಗ ಇದ್ದರ ನಾಯಿ ಒಳಗ ಹೋಗಂಗಿಲ್ಲ ನೋಡ್ರಿ" ಎಂದ ಗುತ್ತಿಗೆದಾರ.

"ಮನುಷ್ಯರು ಒಳಗೆ ಹೋದ ಮೇಲೆ?"

"ಮನಿಯಾಗ ಇರಾವ್ರು ಇಬ್ಬರು ಹೆಣ್ಮಕ್ಕಳು. ಒಬ್ರು ಹೋದಾಗ ಒಬ್ರು ಕಾಯಬೇಕ್ರಿ."

ಹೀಗೆ ನಡೆಯಿತು. ನಾನು ಹೆರಿಗೆ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲಿ ಬರೆಯುತ್ತ ಹೋದೆ. ಒಟ್ಟು ಹದಿನಾಲ್ಕಾಯಿತು. ಓವರ್ಸಿಯರು ತಮ್ಮ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಸಣ್ಣಪುಟ್ಟ ಸೂಚನೆಗಳನ್ನು ಕೇಳಲಾಯಿತು." ಕೇಳಿದ್ದು ಸುಳ್ಳಲ್ಲ. ಮೆಟ್ಟಿಲ ಮೇಲೆ ನಿಂತು ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದೆ ಹಿಡಿದರು.

"ಸೈ ಮಾಡಡ ಕೂಸೇ" ಎಂದು ತಡೆದಳು ಅತ್ತೆ, ಕೊಡ ಸೊಂಟಕ್ಕೆ ಇಟ್ಟುಕೊಳ್ಳುತ್ತ.

ನಾನು ಮಾಡಲಿಲ್ಲ. ಓವರ್ಸಿಯರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ಬಾಗಿಲಿಗೆ ಬೀಗ ಬಿತ್ತು, ಕೀಲಿಕೈ ಮತ್ತೆ ಕಚೇರಿಯ ಮೊಳೆಗೆ ಹೋಯಿತು. ಮರುವಾರ ನಾನು ಹದಿನಾಲ್ಕು ತಕರಾರುಗಳನ್ನು ಕಾರಕೂನರ ಮುಂದೆ ಬಾಯಲ್ಲೇ ಹೇಳಿದೆ. ಅವರು ದನಿ ತಗ್ಗಿಸಿ, "ಮುಂಬಯಿ ಕಾಲದಲ್ಲಿ ಹೀಗೆ ಆಗ್ತಿರಲಿಲ್ಲ. ಇದೆಲ್ಲ ಮೈಸೂರಿನವರ ಕಾರಭಾರ" ಎಂದರು. ಎರಡು ರಾಜ್ಯಗಳೂ ತಪ್ಪಿಲ್ಲದವೆಂದು ಸಿದ್ಧವಾದ ಮೇಲೆ ತಪ್ಪು ಉಳಿದದ್ದು ನನ್ನದೊಂದೇ. ಕೊಟ್ಟ ಮನೆಗೆ ಹೋಗದ ಮೊಂಡು ಹೆಂಗಸು ಎಂದು ಗಿರಣಿಯ ಸರದಿಯಲ್ಲಿ ನನ್ನ ಹೆಸರಾಯಿತು.

ಒಂದೂವರೆ ತಿಂಗಳು ಹೀಗೇ ಕಳೆಯಿತು. ಬೇಸಿಗೆ ಕಾದು, ಏಪ್ರಿಲ್ ಕೊನೆಯ ಒಂದು ಭಾನುವಾರ ಮಧ್ಯಾಹ್ನ ಮೋಡ ಕಟ್ಟಿ ಗಾಳಿ ಎದ್ದಿತು. ಗೌಂಡಿ ತಲೆಗೆ ಗೋಣಿ ಹಾಕಿಕೊಂಡು ಗಿರಣಿಯ ಹಿಂದಕ್ಕೆ ಓಡಿ ಬಂದ.

"ಬಾಯಾರ, ಜಲ್ದಿ ಬರ್ರಿ. ನಮ್ಮಾಕಿಗೆ ಬ್ಯಾನಿ ಸುರು ಆಗ್ಯಾವ."

ನಾನು ಹೆರಿಗೆ ಪೆಟ್ಟಿಗೆ ಹಿಡಿದು ಹೊರಟೆ. ಅತ್ತೆಯೂ ಕೊಡೆ ಹಿಡಿದು ಬಂದಳು. ನಾವು ಮುಟ್ಟುವಷ್ಟರಲ್ಲಿ ಗಾಳಿ ಗುಡಿಸಲಿನ ಸೋಗೆಯನ್ನೆಲ್ಲ ಎತ್ತಿ ರಸ್ತೆಗೆ ಹಾಕಿತ್ತು. ನಾಲ್ಕು ಕಂಬದ ನಡುವೆ ಆಕೆ ಒಂದು ಗೋಣಿತಟ್ಟಿನ ಮೇಲೆ ಮೊಣಕಾಲೂರಿ ಕೂತಿದ್ದಳು. ಮಳೆಯ ದಪ್ಪ ಹನಿಗಳು ಅವಳ ಬೆನ್ನಿನ ಮೇಲೆ ಬೀಳುತ್ತಿದ್ದವು. ಕೈಯಿಟ್ಟು ನೋಡಿದೆ. ಊರೊಳಗೆ ಕರೆದುಕೊಂಡು ಹೋಗುವಷ್ಟು ಹೊತ್ತಿರಲಿಲ್ಲ. ಇಪ್ಪತ್ತು ಹೆಜ್ಜೆಯ ಮೇಲೆ ಸರಕಾರಿ ಮನೆ, ಬಾಗಿಲಿಗೆ ಬೀಗ, ಭಾನುವಾರ ಮುಚ್ಚಿದ ಕಚೇರಿಯಲ್ಲಿ ಕೀಲಿಕೈ.

"ಬೀಗ ಒಡೆದುಬಿಡು" ಎಂದೆ ಗೌಂಡಿಗೆ.

"ಕೀಲಿ ಒಡಿಯೂದು ಬ್ಯಾಡ್ರಿ" ಎಂದ ಅವನು. "ಬಿಜಾಗ್ರಿಗೆ ತಿರುಪಾ ಹಾಕಿಲ್ರಿ. ಬರೇ ಸಣ್ಣ ಮೊಳಿ ಬಡದೇವಿ." ಬಾಗಿಲಿನ ಕೆಳಗೆ ಹಾರೆ ಕೊಟ್ಟು ಒಮ್ಮೆ ಮೀಟಿದ. ತಿರುಗಣಿಯ ಮೊಳೆಗಳು ಕಿತ್ತು ಬಾಗಿಲು ಚೌಕಟ್ಟಿನಿಂದ ಇಡಿಯಾಗಿ ಕಳಚಿ ಅವನ ಭುಜದ ಮೇಲೆ ಒರಗಿತು. ಬೀಗ ಹಾಕಿದ್ದು ಹಾಕಿದ ಹಾಗೆಯೇ ಇತ್ತು. ನನ್ನ ಪಟ್ಟಿಯಲ್ಲಿ ಈ ತಕರಾರು ಸೇರಿರಲಿಲ್ಲ.

ಪಡಸಾಲೆಯಲ್ಲಿ ಹೊಗೆಗೂಡಿನಿಂದ ನೀರು ಸುರಿಯುತ್ತಿತ್ತು. ಮಲಗುವ ಕೋಣೆಯಲ್ಲಿ ಬೆಳಕಿಗೆಂದು ಬಿಟ್ಟ ಸಂದಿಗಳಿಂದ ನೀರು. ಒಣಗಿದ್ದದ್ದು ಅಡಿಗೆಮನೆ ಒಂದೇ. ಅಲ್ಲೇ ಮಲಗಿಸಿದೆವು. ಕತ್ತರಿ ಕುದಿಸಲು ಅತ್ತೆ ಒಲೆ ಹಚ್ಚಿದಳು. ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು. ನನ್ನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿದ್ದರೂ ಕೈ ತನ್ನ ಕೆಲಸ ಮರೆಯಲಿಲ್ಲ. ಅರ್ಧ ತಾಸಿನಲ್ಲಿ ಹೆಣ್ಣು ಮಗು ಹುಟ್ಟಿತು, ಸೀನಿತು, ಆಮೇಲೆ ಅತ್ತಿತು. ಆಗ ಆ ಮನೆಯಲ್ಲಿ ಎಲ್ಲರೂ ಅಳುತ್ತಿದ್ದೆವು, ಸಂತೋಷಕ್ಕೋ ಹೊಗೆಗೋ ಎಂದು ಬೇರೆ ಮಾಡಿ ಹೇಳುವ ಹಾಗಿರಲಿಲ್ಲ.

ಮರುದಿನ ನಾನು ಹೆರಿಗೆ ವಹಿಯಲ್ಲಿ ಎಲ್ಲ ಅಂಕಣ ತುಂಬಿದೆ. "ಹೆರಿಗೆಯಾದ ಸ್ಥಳ" ಎಂಬಲ್ಲಿ ಇದ್ದದ್ದನ್ನು ಇದ್ದ ಹಾಗೆ "ಹೊಸ ಸರಕಾರಿ ವಸತಿಗೃಹ" ಎಂದು ಬರೆದೆ. ಬಾಗಿಲು ಕಳಚಿದ ವಿಷಯವನ್ನು ಕಚೇರಿಗೆ ಹೋಗಿ ನಾನೇ ಹೇಳಿದೆ. ಕಾರಕೂನರು ಟೊಪ್ಪಿಗೆ ತೆಗೆದಿಟ್ಟು ಕೇಳಿದರು. ನಾಲ್ಕು ದಿನಕ್ಕೆ ಕಾಗದ ಬಂತು. ಸದರಿ ಮನೆಯನ್ನು ನಾನು ಸರಕಾರಿ ಕೆಲಸಕ್ಕೆ ಉಪಯೋಗಿಸಿದ್ದರಿಂದ ಆ ದಿನವೇ ಅದನ್ನು ತಾಬೆಗೆ ತೆಗೆದುಕೊಂಡೆನೆಂದು ತಿಳಿಯಲಾಗಿದೆ. ಕೊರತೆಯಿಲ್ಲದ ಮನೆಯನ್ನೇ ತಾಬೆಗೆ ಕೊಡುವುದು ನಿಯಮವಾದ್ದರಿಂದ ಮನೆಯಲ್ಲಿ ಕೊರತೆ ಇರಲಿಲ್ಲವೆಂದೂ ತಿಳಿಯಲಾಗಿದೆ. ಇನ್ನು ಮುಂದೆ ಕಂಡುಬರುವ ಕೊರತೆಗಳನ್ನು ರಿಪೇರಿಯೆಂದು ಭಾವಿಸಿ ಮೂರು ವರ್ಷದ ನಂತರ ವಿಚಾರ ಮಾಡಲಾಗುವುದು. ಜೊತೆಗೆ ಕೀಲಿಕೈ ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಂಜೆಯೇ ಹದಿನಾಲ್ಕು ತಕರಾರುಗಳನ್ನೂ ಒಂದೊಂದಾಗಿ ಬರೆದು, ಮೇಲಿನ ಕಚೇರಿಯ ಸಾಹೇಬರೇ ಬಂದು ನೋಡಬೇಕೆಂದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಈ ಕಾಗದಗಳು ಓಡಾಡುತ್ತಿದ್ದಾಗ ಬಾಣಂತಿ ಅಡಿಗೆಮನೆಯಲ್ಲೇ ಇದ್ದಳು. ಗುಡಿಸಲಿಗೆ ಹೊಸ ಸೋಗೆ ಸಿಗುವವರೆಗೆ ಆಕೆಯನ್ನು ಊರೊಳಗೆ ಯಾರದಾದರೂ ಜಗಲಿಗೆ ಕಳಿಸಬೇಕೆಂದು ನಾನು ಯೋಚಿಸುತ್ತಿದ್ದೆ. ಅತ್ತೆ ಒಪ್ಪಲಿಲ್ಲ.

"ಹಸೀ ಬಾಣಂತಿನ ಎಲ್ಲಿಗೆ ಕಳಿಸ್ತೆ ನೀನು? ಮನೆ ಯಾರದ್ದು ಹೇಳಿ ಕಚೇರಿಯವ್ಕೇ ಗೊತ್ತಿಲ್ಲೆ. ಇಲ್ಲೇ ಇರ್ಲಿ" ಎಂದಳು.

ಹೀಗೆ ಹೇಳಿ ಹಗಲೆಲ್ಲ ಆ ಮನೆಯಲ್ಲೇ ಇರತೊಡಗಿದವಳು ಮಡಿ ಬಿಟ್ಟವಳಲ್ಲ. ಬಾಣಂತಿಗೆ ಗಂಜಿ ಕೊಟ್ಟು ಬಂದರೆ ಸ್ನಾನ, ಮಗುವಿಗೆ ಎಣ್ಣೆ ಹಚ್ಚಿ ಎರೆದು ಬಂದರೆ ಸ್ನಾನ, ಸಂಜೆ ಜಪಕ್ಕೆ ಮೊದಲು ಮತ್ತೆ ಸ್ನಾನ. ಮುಟ್ಟುವುದನ್ನೂ ಬಿಡಲಿಲ್ಲ, ಮೀಯುವುದನ್ನೂ ಬಿಡಲಿಲ್ಲ. ಅವಳು ಮಿಂದ ಅಷ್ಟೂ ನೀರು ಬಚ್ಚಲುಮನೆಯ ಹೊಸ್ತಿಲು ದಾಟಿ ಬಾಣಂತಿಯ ಚಾಪೆಗೆ ಬರುತ್ತಿತ್ತು. ಮೊದಲ ದಿನ ಗೌಂಡಿ ಅಡ್ಡಕ್ಕೆ ಒಂದು ಮರಳಿನ ಚೀಲ ಇಟ್ಟ. ಎರಡನೆಯ ದಿನ ಇನ್ನೊಂದು ಚೀಲ. ಮೂರನೆಯ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಬಚ್ಚಲಿನ ನೆಲವನ್ನು ಪೂರಾ ಒಡೆದು, ರಸಮಟ್ಟ ಇಟ್ಟು ನೆಲದ ಓರೆ ನೋಡಿ, ತೂಬಿನ ಕಡೆಗೆ ಇಳಿಜಾರು ಮಾಡಿ ಹೊಸದಾಗಿ ಗಾರೆ ಹಾಕಿದ.

ಅದರ ಮರುದಿನ ಹೊಗೆಗೆ ಮಗು ಕೆಮ್ಮಿತು. ಅವನು ಏಣಿ ಹಾಕಿದ. ಪಡಸಾಲೆಯ ಹೊಗೆಗೂಡು ಬಿಚ್ಚಿ ಒಲೆಯ ಮೇಲೆ ಕೂರಿಸಿದ. ತೊಟ್ಟಿಲು ಕಟ್ಟಲು ಮಲಗುವ ಕೋಣೆಯ ಜಂತಿ ಗಟ್ಟಿಯೆಂದು ಅಲ್ಲಿ ಸೀರೆ ಕಟ್ಟಿದರು. ಮತ್ತೊಂದು ಮಳೆ ಬಂದು ಮಗುವಿನ ಹೊಟ್ಟೆಯ ಮೇಲೆ ಹನಿ ಬಿತ್ತು. ಅವನು ಮಾಡಿಗೆ ಹತ್ತಿ ರೀಪುಗಳನ್ನು ಸರಿಯಾದ ಅಂತರಕ್ಕೆ ಬಡಿದು ಹೆಂಚುಗಳನ್ನೆಲ್ಲ ಹೊಸದಾಗಿ ಹೊದಿಸಿದ. ಬೆಕ್ಕು ಕಿಟಕಿಯಿಂದ ಒಳಗೆ ಹಾರಿತು, ಕಿಟಕಿಗೆ ಸರಳು ಬಂತು. ಬಾಗಿಲಿಗೆ ತಿರುಪು ಬಂತು. ಪಟ್ಟಿಯಲ್ಲಿ ಉಳಿದವೂ ಹೆಚ್ಚುಕಡಿಮೆ ಹೀಗೆಯೇ ಸರಿಯಾದವು. ಗುತ್ತಿಗೆದಾರನ ಸಾಮಾನೆಲ್ಲ, ಸುಣ್ಣ, ಹೆಂಚು, ಸರಳು, ಕಂಪೌಂಡಿನ ಬದಿಯಲ್ಲೇ ರಾಶಿ ಬಿದ್ದಿತ್ತು. ಎಲ್ಲ ಅಲ್ಲಿಂದಲೇ. ಗುತ್ತಿಗೆದಾರ ಆ ದಿನಗಳಲ್ಲಿ ಇನ್ನೊಂದು ಕೆಲಸಕ್ಕೆಂದು ಶಿರಸಿಯಲ್ಲಿದ್ದ.

ಅವನ ಕೆಲಸ ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಕೈ ಅಷ್ಟು ಚೊಕ್ಕ. ಒಂದು ದಿನ ನಾನು ಕೇಳಿಯೇಬಿಟ್ಟೆ.

"ಇಷ್ಟು ಬರುತ್ತಿದ್ದವನು ಮೊದಲೇ ಯಾಕೆ ಹೀಗೆ ಮಾಡಲಿಲ್ಲ?"

ಅವನು ಗಾರೆಯ ಮೇಲೆ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. "ಆವಾಗ ಇದು ಸರಕಾರದ ಮನಿ ಇತ್ರಿ, ಬಾಯಾರ."

"ಈಗ?"

"ಈಗ ಕೂಸು ಮಲಗೇತ್ರಿ."

ಮೂರು ವಾರದ ಮೇಲೆ, ಬಾಣಂತಿ ಗುಡಿಸಲಿಗೆ ಮರಳಿ, ನಾವಿಬ್ಬರೂ ಗಿರಣಿ ಬಿಟ್ಟು ಆ ಮನೆಗೆ ಬಂದ ಮೇಲೆ, ನನ್ನ ರಿಜಿಸ್ಟರ್ ಕಾಗದಕ್ಕೆ ಫಲ ಸಿಕ್ಕಿತು. ಮುನ್ಸೂಚನೆಯಿಲ್ಲದೆ ಒಂದು ಜೀಪು ಬಂದು ನಿಂತಿತು. ಮೇಲಿನ ಕಚೇರಿಯ ದೊಡ್ಡ ಸಾಹೇಬರು, ಅವರ ಹಿಂದೆ ಓವರ್ಸಿಯರು, ಅವರ ಹಿಂದೆ ಗುತ್ತಿಗೆದಾರ, ಕೊನೆಗೆ ಸಾಹೇಬರ ಸಿಪಾಯಿ. ಸಾಹೇಬರ ಕೈಯಲ್ಲಿ ನನ್ನ ಪಟ್ಟಿ ಇತ್ತು. ನಾನು ಆ ಪಟ್ಟಿ ಕಳಿಸಿದ್ದನ್ನೇ ಮರೆತಿದ್ದೆ.

"ಒಂದು. ಬಚ್ಚಲಿನ ನೀರು ಅಡಿಗೆಮನೆಗೆ ಬರುತ್ತದೆ" ಎಂದು ಸಾಹೇಬರು ಓದಿದರು. ಓವರ್ಸಿಯರು ಈ ಸಲ ತಾವೇ ಒಂದು ಕೊಡ ನೀರು ಹೊತ್ತು ತಂದು, ಏನಾಗುವುದೋ ಎಂದು ಕಣ್ಣು ಅರ್ಧ ಮುಚ್ಚಿ ಸುರಿದರು. ನೀರು ಸರಸರನೆ ತೂಬಿಗೆ ಹೋಯಿತು. ಓವರ್ಸಿಯರು ಕಣ್ಣು ಪೂರಾ ತೆರೆದರು. ಅವರ ಮುಖದಲ್ಲಿ ಮೂಡಿದ ಆಶ್ಚರ್ಯ ನಿಧಾನವಾಗಿ ಅಭಿಮಾನವಾಗಿ ಮಾರ್ಪಟ್ಟದ್ದನ್ನು ನಾನು ನೋಡಿದೆ.

ಎರಡು, ಮೂರು, ನಾಲ್ಕು. ಹೆಂಚಿನಲ್ಲಿ ಸಂದಿಯಿಲ್ಲ. ಕಿಟಕಿಗೆ ಸರಳಿದೆ. ಹೊಗೆ ಗೂಡಿನಲ್ಲಿ ಹೋಗುತ್ತಿದೆ. "ನಾವು ಕೆಲಸಾ ಮಾಡಿದ್ರ ಹಿಂಗ ಇರ್ತದ್ರಿ ಸಾಹೇಬ್ರ" ಎಂದು ಗುತ್ತಿಗೆದಾರ ಕೈಮುಗಿದ. ಬಾಗಿಲ ಹೊರಗೆ ಗೌಂಡಿ ಕಂಪೌಂಡಿನ ಕಲ್ಲಿನ ಮೇಲೆ ಬಗ್ಗಿ ಕೂತಿದ್ದ. ಒಂದೇ ಕಲ್ಲನ್ನು ಎತ್ತುತ್ತಿದ್ದ, ಇಡುತ್ತಿದ್ದ, ಮತ್ತೆ ಎತ್ತುತ್ತಿದ್ದ.

"ಏನಮ್ಮಾ ಇದು?" ಎಂದರು ದೊಡ್ಡ ಸಾಹೇಬರು.

ನಿಜ ಹೇಳಿದರೆ ನನ್ನ ಮಾನ ಉಳಿಯುತ್ತಿತ್ತು. ಕೇಳದೆ ಸಾಮಾನು ತೆಗೆದನೆಂದು ಗೌಂಡಿಯ ಕೆಲಸ ಆ ಕ್ಷಣವೇ ಹೋಗುತ್ತಿತ್ತು, ಕೂಸಿನ ಸಮೇತ ಅವರು ರಸ್ತೆಗೆ ಬೀಳುತ್ತಿದ್ದರು. ನಾನು ಅತ್ತೆಯ ಮುಖ ನೋಡಿದೆ. ಸುಳ್ಳು ಹೇಳಲೂ ಬಾರದ, ನಿಜ ಬಾಯಲ್ಲಿ ಇಟ್ಟುಕೊಳ್ಳಲೂ ಬಾರದ ಹೆಂಗಸು ಅವಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟಳು.

"ನಾನು ಬರೆದಾಗ ಇತ್ತು. ಈಗ ಇಲ್ಲ" ಎಂದೆ. ಅದಕ್ಕಿಂತ ಪೆದ್ದಾದ ಮಾತನ್ನು ನಾನು ಜೀವಮಾನದಲ್ಲಿ ಆಡಿಲ್ಲ. ಅದರಷ್ಟು ಸತ್ಯವಾದದ್ದೂ ಕಡಿಮೆ.

ಸಾಹೇಬರು ಪಟ್ಟಿ ಮಡಚಿ, ಹಿತ್ತಿಲ ಕಡೆ ನೋಡಿ, ಓವರ್ಸಿಯರ ಕಿವಿಯಲ್ಲಿ ಏನೋ ಕೇಳಿದರು. ಜೀಪಿನಲ್ಲಿ ದೂರದಿಂದ ಬಂದವರು. ಓವರ್ಸಿಯರು ಕೈ ತೋರಿಸಿದರು. ಸಾಹೇಬರು ಕಕ್ಕಸಿಗೆ ಹೋದರು. ಹದಿನಾಲ್ಕರಲ್ಲಿ ಗೌಂಡಿ ಮುಟ್ಟದೆ ಉಳಿದ ತಕರಾರು ಅದೊಂದೇ. ಗೌಂಡಿಯ ಸಂಸಾರ ಬಯಲಿಗೆ ಹೋಗುವವರಾದ್ದರಿಂದ ಆ ಚಿಲಕ ಅವರ ಗಮನಕ್ಕೇ ಬಂದಿರಲಿಲ್ಲ. ಸಾಹೇಬರ ಸಿಪಾಯಿ ಶಿಸ್ತಿನ ಮನುಷ್ಯ. ಹಿತ್ತಿಲಲ್ಲಿ ಬೀಡಿ ಸೇದಲು ಹೋದವನು ಚಿಲಕ ತೆರೆದಿರುವುದನ್ನು ಕಂಡು, ಸರಕಾರಿ ಕಟ್ಟಡದ ಬಾಗಿಲು ಹೀಗೆ ಬಿಡಬಾರದೆಂದು ಹಾಕಿ ಬಂದ.

ನಾವು ಮುಂದಿನ ಅಂಗಳದಲ್ಲಿ ಕಾಲು ತಾಸು ನಿಂತೆವು. ಓವರ್ಸಿಯರು ಮೈಸೂರಿನ ಹವೆಯ ಬಗ್ಗೆ ಮಾತಾಡಿದರು. ಹಿತ್ತಿಲಿನಿಂದ ಬರುತ್ತಿದ್ದ ಸದ್ದನ್ನು ಗುತ್ತಿಗೆದಾರ ಮರಕುಟಿಗನದೆಂದ. ಕೊನೆಗೆ ಅತ್ತೆ ಹೋಗಿ ಚಿಲಕ ತೆಗೆದಳು. ಸಾಹೇಬರು ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ನೇರ ಜೀಪು ಹತ್ತಿದರು. ಎರಡೇ ದಿನದಲ್ಲಿ ಕಚೇರಿಯಿಂದ ಬಡಗಿ ಬಂದು ಕಕ್ಕಸಿಗೆ ಒಳಗಡೆ ಹಿತ್ತಾಳೆಯ ಚಿಲಕ ಕೂರಿಸಿ ಹೋದ. ಆ ಮನೆಯಲ್ಲಿ ಇಲಾಖೆ ತಾನಾಗಿ ಸರಿಪಡಿಸಿದ್ದು ಅದೊಂದನ್ನೇ.

ಮುಂದಿನ ವಾರ ಒಂದೇ ಟಪ್ಪಾಲಿನಲ್ಲಿ ಎರಡು ಲಕೋಟೆ ಬಂದವು. ಒಂದರಲ್ಲಿ, ಇಲ್ಲದ ಕೊರತೆಗಳನ್ನು ಇವೆಯೆಂದು ಸುಳ್ಳು ಬರೆದು ಮೇಲಧಿಕಾರಿಗಳ ಸಮಯ ಹಾಳುಮಾಡಿದ್ದಕ್ಕೆ ನನ್ನ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿತ್ತು. ಇನ್ನೊಂದರಲ್ಲಿ, ಮಂಜೂರಾದ ನಕ್ಷೆಯಂತೆ ಪಡಸಾಲೆಯಲ್ಲಿದ್ದ ಹೊಗೆಗೂಡನ್ನು ಅಪ್ಪಣೆಯಿಲ್ಲದೆ ಅಡಿಗೆಮನೆಗೆ ಒಯ್ದು ಸರಕಾರಿ ಕಟ್ಟಡವನ್ನು ಬದಲಾಯಿಸಿದ್ದಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು. ಎರಡರ ಕೆಳಗೂ ಒಬ್ಬರದೇ ಸಹಿ ಇತ್ತು.

ನಾನು ಅತ್ತೆಗೆ ಎರಡನ್ನೂ ಓದಿ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳಿದಳು. "ಗೂಡು ಮೊದ್ಲಿಂದ್ಲೂ ಅಡಿಗೆಮನೇಲಿ ಇತ್ತು ಹೇಳಿ ಒಬ್ಬ ಹೇಳ್ತಾ. ಪಡಸಾಲೇಲಿ ಇತ್ತು ಹೇಳಿ ಇನ್ನೊಬ್ಬ ಹೇಳ್ತಾ. ಅಲ್ದಾ?"

"ಹೇಳಿದವನು ಒಬ್ಬನೇ ಅತ್ತೆ."

"ಹಂಗಾದ್ರೆ ಅವ್ನೇ ಮೊದ್ಲು ತೀರ್ಮಾನ ಮಾಡ್ಲಿ" ಎಂದಳು.

ನಾನು ಬೇರೇನೂ ಬರೆಯಲಿಲ್ಲ. ಎರಡು ಕಾಗದಗಳನ್ನೂ ಓದಿದ್ದೇನೆ, ಇವೆರಡರಲ್ಲಿ ಯಾವ ತಪ್ಪನ್ನು ನಾನು ಮಾಡಿದ್ದೇನೆಂದು ಕಚೇರಿ ನಿರ್ಧರಿಸಿದರೆ ಅದಕ್ಕೆ ವಿವರಣೆ ಕೊಡಲು ಸಿದ್ಧಳಿದ್ದೇನೆ ಎಂದು ಮೂರು ಸಾಲು ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಕಾರಕೂನರನ್ನು ಕೇಳಿದಾಗ ಕಡತ ವಿಚಾರಣೆಯಲ್ಲಿದೆ ಎಂದರು. ಗುತ್ತಿಗೆದಾರನಿಗೆ ಆ ವರ್ಷ ಉತ್ತಮ ಕೆಲಸದ ಪ್ರಶಂಸಾಪತ್ರ ಸಿಕ್ಕಿತು. ಅದನ್ನು ಕಟ್ಟು ಹಾಕಿಸಿ ತನ್ನ ಅಂಗಡಿಯಲ್ಲಿ ತೂಗುಹಾಕಿದ್ದಾನೆಂದು ಶಿರಸಿಗೆ ಹೋಗಿಬಂದವರು ಹೇಳಿದರು. ನನ್ನ ಮನಸ್ಸಿಗೆ ಎಷ್ಟೋ ದಿನ ಅದು ಚುಚ್ಚುತ್ತಿತ್ತು. ಸಹಿ ಮಾಡದೆ ಹಟ ಹಿಡಿದದ್ದು ಗೆಲುವೋ ಸೋಲೋ ಎಂದು ತಿಳಿಯುತ್ತಿರಲಿಲ್ಲ. ಆದರೆ ಬಚ್ಚಲಲ್ಲಿ ನೀರು ಹೊಯ್ದಾಗೆಲ್ಲ ಅದು ಸರಿಯಾದ ಕಡೆಗೇ ಹೋಗುತ್ತಿತ್ತು.

ಮಳೆಗಾಲ ಕೂಡುವ ಮೊದಲು ಕಂಪೌಂಡು ಮುಗಿಯಿತು. ಗೌಂಡಿಗೆ ಬನವಾಸಿಯ ಕಡೆ ಕೆಲಸ ಸಿಕ್ಕಿತ್ತು. ಹೊರಡುವ ದಿನ ಗಂಡಹೆಂಡತಿ ಗಂಟುಮೂಟೆಯೊಂದಿಗೆ ಬಂದರು. ಅತ್ತೆ ಮಗುವಿಗೆ ತನ್ನ ಹಳೆಯ ಸೀರೆ ಹರಿದು ಹೊಲಿದ ನಾಲ್ಕು ಅಂಗಿ ಕೊಟ್ಟಳು. ಕೊಡುವಾಗ ಮಗುವನ್ನು ಎತ್ತಿಕೊಂಡೇ ಇದ್ದಳು, ಬಸ್ಸಿನ ಸದ್ದು ಕೇಳುವವರೆಗೂ ಕೆಳಗೆ ಬಿಡಲಿಲ್ಲ. ಆ ಮನೆಯ ಒಂದೊಂದು ಕಲ್ಲನ್ನೂ ತಲೆಯ ಮೇಲೆ ಹೊತ್ತಿದ್ದ ಹೆಂಗಸು ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು.

"ಮನಿ ಚಲೋ ಆಗೇತ್ರಿ, ಬಾಯಾರ" ಎಂದಳು. "ಖರೇ, ಅಡಿಗಿಮನಿ ಒಂಚೂರು ಸಣ್ಣದಾತು. ಮಲಗಿದ್ರ ಕಾಲು ಗ್ವಾಡಿಗೆ ಬಡಿತಾವ."

ಅವಳ ಗಂಡ ತಲೆ ತಗ್ಗಿಸಿ ನಕ್ಕ. ಅತ್ತೆ ಅಡಿಗೆಮನೆಯನ್ನು ಹೊಸದಾಗಿ ನೋಡುವವಳ ಹಾಗೆ ನೋಡಿ, "ಹೌದು, ಅದೊಂದು ನಂಗೂ ತಿಳಿದ್ದಿಲ್ಲೆ" ಎಂದಳು. ಬಸ್ಸು ಬಂತು. ಅವರು ಹತ್ತಿ ಹೋದರು. ನಾವು ಆ ಸಣ್ಣ ಅಡಿಗೆಮನೆಯಲ್ಲಿ ಮುಂದೆ ಏಳು ವರ್ಷ ಅಡಿಗೆ ಮಾಡಿಕೊಂಡಿದ್ದೆವು.